226 ಬಂತಾ?

ಇಂಗ್ಲೆಂಡಿನ ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಬೆಂಗಳೂರಿನಲ್ಲಿ ನಡುರಾತ್ರಿ ದಾಟಿರುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಾನಿದ್ದ ತಂಡದ ನಿಜವಾದ ಕೆಲಸ ಶುರುವಾಗುತ್ತಿದ್ದುದು ಆಗಲೇ. ಅಲ್ಲಿನ ದಿನಸಿ ಮತ್ತು ಔಷಧಿ ಅಂಗಡಿಗಳ ದೊಡ್ಡ ಸರಣಿಯೊಂದು ನಮ್ಮ ಗಿರಾಕಿ. ದಿನದ ಮಾರಾಟದ ಲೆಕ್ಕ ಅಂಗಡಿಗಳಿಂದ ಒಂದು ಯುನಿಕ್ಸ್ ಯಂತ್ರಕ್ಕೆ ಬಂದು ಸೇರಬೇಕು. ಅಲ್ಲಿಂದ ಮೇನ್‌ಫ್ರೇಮಿಗೆ ಹೋಗಬೇಕು. ಯಾವ ಅಂಗಡಿಗೆ ಯಾವ ಸಾಮಾನು ಎಷ್ಟು ಬೇಕೆಂದು ಮೇನ್‌ಫ್ರೇಮ್ ಲೆಕ್ಕ ಹಾಕಿ ಗೋದಾಮುಗಳಿಗೆ ಫೈಲು ಕಳಿಸಬೇಕು. ಬೆಳಗಾಗುವ ಮೊದಲು ಲಾರಿಗಳು ತುಂಬಿ ಹೊರಡಬೇಕು. ಈ ಸರಪಳಿಯ ಒಂದೊಂದು ಕೊಂಡಿಯೂ ಎಫ್‌ಟಿಪಿ, ಅಂದರೆ ಫೈಲುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಕ್ರಮ. ಒಂದೊಂದು ಕೊಂಡಿಯನ್ನೂ ನಡೆಸುತ್ತಿದ್ದುದು ಯಾರೋ ಎಂದೋ ಬರೆದಿಟ್ಟು ಹೋದ ಶೆಲ್ ಸ್ಕ್ರಿಪ್ಟು. ಹೊತ್ತಿಗೆ ಸರಿಯಾಗಿ ಕ್ರಾನ್ ಅದನ್ನು ಎಬ್ಬಿಸುತ್ತಿತ್ತು, ಅದು ತನ್ನ ಪಾಡಿಗೆ ಓಡುತ್ತಿತ್ತು, ನಾವು ಕಾಯುತ್ತಿದ್ದೆವು.

ಪಾಳಿ ಬದಲಾಗುವಾಗ ಹೋಗುವವರನ್ನು ಬರುವವರು ಕೇಳುತ್ತಿದ್ದ ಮಾತು ಒಂದೇ: “226 ಬಂತಾ?” ಬಂದಿದೆ ಎಂದರೆ ಫೈಲು ತಲುಪಿದೆ. ಬಂದಿಲ್ಲವೆಂದರೆ ಮನೆಗೆ ಹೋಗುವ ಹಾಗಿಲ್ಲ. ಕಂಪ್ಯೂಟರಿನ ಲೋಕದಲ್ಲಿ ಎಷ್ಟೋ ಸಂಖ್ಯೆಗಳನ್ನು ಕಂಡಿದ್ದೇನೆ. ಆದರೆ ಎಫ್‌ಟಿಪಿ ಸರ್ವರ್ ಕೊಡುವ ಈ ಮೂರಂಕಿಯ ಉತ್ತರಗಳಷ್ಟು ಯೋಚಿಸಿ ಕಟ್ಟಿದ, ಆದರೆ ಅಷ್ಟೇ ಅರೆಬರೆಯಾಗಿ ಓದಲ್ಪಟ್ಟ ಇನ್ನೊಂದು ವ್ಯವಸ್ಥೆ ನನಗೆ ನೆನಪಾಗುವುದಿಲ್ಲ.

ನಮ್ಮ ಕೈಗೆ ಬಂದ ಸ್ಕ್ರಿಪ್ಟುಗಳ ಸ್ವರೂಪ ಹೀಗಿತ್ತು. ಎಫ್‌ಟಿಪಿ ಪ್ರೋಗ್ರಾಮಿಗೆ ಯೂಸರ್, ಪಾಸ್‌ವರ್ಡ್, ಬೈನರಿ, ಪುಟ್, ಕ್ವಿಟ್ ಎಂಬ ಸಾಲುಗಳನ್ನು ಒಟ್ಟಿಗೆ ಸುರಿಯುವುದು. ಅದು ಪರದೆಗೆ ಹೇಳುವುದನ್ನೆಲ್ಲ ಒಂದು ಲಾಗ್ ಫೈಲಿಗೆ ಹಿಡಿದಿಡುವುದು. ಮುಗಿದ ಮೇಲೆ ಆ ಲಾಗಿನಲ್ಲಿ 226 ಇದೆಯೇ ಎಂದು ಗ್ರೆಪ್ ಹಾಕಿ ನೋಡುವುದು. ಇಷ್ಟು ಸುತ್ತುದಾರಿ ಯಾಕೆಂದರೆ, ಯುನಿಕ್ಸಿನ ಆ ಹಳೆಯ ಎಫ್‌ಟಿಪಿ ಪ್ರೋಗ್ರಾಂ ಕೆಲಸ ಕೆಟ್ಟರೂ ಕೆಟ್ಟಿತೆಂದು ಹೇಳುತ್ತಿರಲಿಲ್ಲ. ಬೇರೆ ಯಾವುದೇ ಕಮಾಂಡ್ ಸೋತರೆ ಸೊನ್ನೆಯಲ್ಲದ ಸಂಖ್ಯೆಯೊಂದನ್ನು ಹಿಂದೆ ಬಿಟ್ಟು ಹೋಗುತ್ತದೆ. ಸ್ಕ್ರಿಪ್ಟು ಅದನ್ನು ನೋಡಿ ತಿಳಿದುಕೊಳ್ಳುತ್ತದೆ. ಎಫ್‌ಟಿಪಿ ಮಾತ್ರ ಪಾಸ್‌ವರ್ಡ್ ತಪ್ಪಿದ್ದರೂ, ಫೈಲೇ ಇಲ್ಲದಿದ್ದರೂ, ಕೊನೆಗೆ ಕ್ವಿಟ್ ಎಂಬ ಸಾಲು ಸಿಕ್ಕಿತೆಂದರೆ ಸೊನ್ನೆ ಕೊಟ್ಟು ಮುಗಿಸುತ್ತಿತ್ತು. ಅದನ್ನು ಕಟ್ಟಿದ್ದು ಎದುರಿಗೆ ಕೂತು ಟೈಪ್ ಮಾಡುವ ಮನುಷ್ಯನಿಗಾಗಿ. ಅವನು ಕಣ್ಣಾರೆ ನೋಡುತ್ತಾನೆ, ತಪ್ಪಾದರೆ ಮತ್ತೆ ಬರೆಯುತ್ತಾನೆ. ಆ ಮನುಷ್ಯ ಎದ್ದು ಹೋಗಿ ಅವನ ಜಾಗದಲ್ಲಿ ಸ್ಕ್ರಿಪ್ಟು ಕೂತಾಗ, ನೋಡುವ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ.

ನಮ್ಮ ತಂಡದಲ್ಲಿ ಮೇನ್‌ಫ್ರೇಮ್ ಕಾಲದಿಂದ ಬಂದ ಹಿರಿಯರೊಬ್ಬರಿದ್ದರು, ದಾವಣಗೆರೆ ಕಡೆಯವರು. ಯಾವ ಜಾಬ್ ಬಿದ್ದರೂ ಅವರು ಮೊದಲು ಕೇಳುತ್ತಿದ್ದುದು “ಆ ಕಡೆಯಿಂದ ಏನಂತ ಬಂತು?” ಅಂತ. ಈ ಕಡೆ ಏನು ಮಾಡಿದೆವೆಂಬುದು ಅವರಿಗೆ ಆಮೇಲಿನ ಮಾತು. ಹೊಸಬರಿಂದ ಲಾಗನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿಸುತ್ತಿದ್ದರು. 220, ನಾನು ಸಿದ್ಧ. 331, ಹೆಸರು ಸರಿ, ಪಾಸ್‌ವರ್ಡ್ ಕೊಡು. 230, ಒಳಗೆ ಬಾ. 200, ಬೈನರಿ ಅಂದೆ, ಒಪ್ಪಿದೆ. 150, ಫೈಲಿಗಾಗಿ ಬೇರೆ ದಾರಿ ತೆರೆಯುತ್ತಿದ್ದೇನೆ. 226, ಎಲ್ಲ ಬಂತು, ಆ ದಾರಿ ಮುಚ್ಚುತ್ತಿದ್ದೇನೆ. 221, ಹೋಗಿ ಬಾ. ಹಾಗೆ ಓದಿದಾಗ ಅದು ಲಾಗ್ ಅನ್ನಿಸುತ್ತಿರಲಿಲ್ಲ. ಇಬ್ಬರ ನಡುವಿನ ಮಾತುಕತೆಯಾಗುತ್ತಿತ್ತು. ಮಾತುಕತೆಯಲ್ಲಿ ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದು ಮುಖ್ಯ. ಗ್ರೆಪ್ ಹಾಕಿ 226 ಹುಡುಕುವವನು ಇಡೀ ಮಾತುಕತೆಯಲ್ಲಿ “ಹೂಂ” ಎಂಬ ಸದ್ದು ಎಲ್ಲಾದರೂ ಕೇಳಿಸಿತೇ ಎಂದಷ್ಟೇ ವಿಚಾರಿಸುತ್ತಾನೆ.

ಒಂದು ದಿನ ಅವರೇ ಒಂದು ಕಟ್ಟು ಕಾಗದವನ್ನು ಮುದ್ರಿಸಿ ತಂದುಕೊಟ್ಟರು. ಆರ್‌ಎಫ್‌ಸಿ 959. ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ 1985ರ ಅಕ್ಟೋಬರಿನಲ್ಲಿ ಹೊರತಂದ ಎಫ್‌ಟಿಪಿಯ ನಿಯಮಾವಳಿ. ನಾನು ಅದನ್ನು ಕಂಪನಿಯ ಬಸ್ಸಿನಲ್ಲಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೂತು ಓದಿದೆ. ಉತ್ತರಗಳ ಬಗೆಗಿನ ಭಾಗಕ್ಕೆ ಬಂದಾಗ ಆದ ಆಶ್ಚರ್ಯ ಇವತ್ತಿಗೂ ಹಾಗೇ ಇದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸಂಖ್ಯೆ ಇರುವುದು ಯಂತ್ರಕ್ಕೆ, ಅದು ಮುಂದೇನು ಮಾಡಬೇಕೆಂದು ತೀರ್ಮಾನಿಸಲು, ಪಕ್ಕದ ವಾಕ್ಯ ಇರುವುದು ಮನುಷ್ಯನಿಗೆ. ಯಾವ ತಿಳಿವಳಿಕೆಯೂ ಇಲ್ಲದ ಸಾದಾ ಪ್ರೋಗ್ರಾಂ ಕೂಡ ಮೊದಲ ಅಂಕಿಯೊಂದನ್ನು ನೋಡಿದರೆ ಸಾಕು, ಮುಂದುವರಿಯಬೇಕೋ, ಮತ್ತೆ ಮಾಡಬೇಕೋ, ಹಿಂದೆ ಸರಿಯಬೇಕೋ ಎಂಬುದು ಅದಕ್ಕೆ ತಿಳಿಯಬೇಕು. ನಮ್ಮ ಸ್ಕ್ರಿಪ್ಟುಗಳಂಥವುಗಳ ಗತಿಯೇನು ಎಂದು ಯಾರೋ ನಮಗಿಂತ ಎಷ್ಟೋ ಮೊದಲೇ ಕೂತು ಚಿಂತಿಸಿದ್ದರು.

ಅದರ ಬೆನ್ನು ಹತ್ತಿ ಇನ್ನೂ ಹಿಂದಕ್ಕೆ ಹೋದೆ. ಎಫ್‌ಟಿಪಿಯ ಮೊದಲ ಕರಡು ಆರ್‌ಎಫ್‌ಸಿ 114, 1971ರ ಏಪ್ರಿಲಿನದು. ಬರೆದವರು ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಇಂಟರ್ನೆಟ್ಟಿನ ಅಡಿಪಾಯದ ಕಲ್ಲೊಂದನ್ನು ನಮ್ಮ ದೇಶದ ಹುಡುಗನೊಬ್ಬ ಇಟ್ಟಿದ್ದಾನೆಂದು ಪಾಳಿಯಲ್ಲಿ ಹೇಳಿದಾಗ ಅರ್ಧ ಜನ ನಂಬಲಿಲ್ಲ. ಕಾಗದದ ಮೇಲಿನ ಹೆಸರು ತೋರಿಸಬೇಕಾಯಿತು. ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟಿನಲ್ಲಿ ಆಗ ಒಂದರಂತೆ ಇನ್ನೊಂದು ಯಂತ್ರವಿರಲಿಲ್ಲ. ಅಕ್ಷರವನ್ನು ಬರೆಯುವ ರೀತಿ ಬೇರೆ, ಫೈಲಿಗೆ ಹೆಸರಿಡುವ ಕ್ರಮ ಬೇರೆ. ಇಂಥ ಯಂತ್ರಗಳು ಒಂದಕ್ಕೊಂದು ಫೈಲು ಕೊಡಬೇಕಾದರೆ ತಮ್ಮಲ್ಲಿ ಏನಾಯಿತೆಂದು ಹೇಳಿಕೊಳ್ಳಲು ಎಲ್ಲರಿಗೂ ಅರ್ಥವಾಗುವ ಒಂದು ಕ್ರಮ ಬೇಕಿತ್ತು. ಮೂರಂಕಿಯ ಉತ್ತರಗಳು ಶುರುವಿನ ವರ್ಷಗಳಲ್ಲೇ ಬಂದವು. ಅವನ್ನು ಇಂದಿನ ತರ್ಕಕ್ಕೆ ತಂದು ನಿಲ್ಲಿಸಿದ್ದು 1974ರ ಜೂನಿನ ಆರ್‌ಎಫ್‌ಸಿ 640. ಮೊದಲ ಅಂಕಿ ಫಲಿತಾಂಶಕ್ಕೆ: 1 ಎಂದರೆ ಕೆಲಸ ಶುರುವಾಗಿದೆ, ಇನ್ನೊಂದು ಉತ್ತರಕ್ಕೆ ಕಾಯಿ, 2 ಎಂದರೆ ಮುಗಿದಿದೆ, 3 ಎಂದರೆ ಇಲ್ಲಿಯವರೆಗೆ ಸರಿ, ಮುಂದಿನದನ್ನು ಕೊಡು, 4 ಎಂದರೆ ಈಗ ಆಗಲಿಲ್ಲ, 5 ಎಂದರೆ ಹೀಗೆ ಆಗುವುದಿಲ್ಲ. ನಡುವಿನ ಅಂಕಿ ವಿಷಯಕ್ಕೆ: 2 ಸಂಪರ್ಕದ್ದು, 3 ಲಾಗಿನ್ನಿನದು, 5 ಫೈಲು ವ್ಯವಸ್ಥೆಯದು. ಕೊನೆಯದು ಅದರೊಳಗಿನ ಸೂಕ್ಷ್ಮಕ್ಕೆ. ಇದು ಗೊತ್ತಾದ ಮೇಲೆ ಎಂದೂ ಕಾಣದ ಸಂಖ್ಯೆ ಬಂದರೂ ಅದರ ಅರ್ಧ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. 452 ಎಂದರೆ ಫೈಲು ವ್ಯವಸ್ಥೆಯ ತೊಂದರೆ, ಈಗಿನ ಮಟ್ಟಿಗೆ. ಡಿಸ್ಕ್ ತುಂಬಿದೆ, ಯಾರಾದರೂ ಖಾಲಿ ಮಾಡಿದರೆ ಆದೀತು.

120 ಎಂಬ ಉತ್ತರವೂ ಅಲ್ಲಿದೆ. ಇಷ್ಟು ನಿಮಿಷದಲ್ಲಿ ಸಿದ್ಧನಾಗುತ್ತೇನೆ ಎಂದು ಸರ್ವರ್ ನಿಮಿಷಗಳ ಸಂಖ್ಯೆಯನ್ನೇ ಹೇಳಬಹುದಾದ ಉತ್ತರ. ಯಾವ ಸರ್ವರೂ ಅದನ್ನು ಹೇಳಿದ್ದನ್ನು ನಾನು ನೋಡಿಲ್ಲ. ಆದರೂ ಅದು ಪಟ್ಟಿಯಲ್ಲಿದೆ ಎಂಬುದೇ ನನಗೆ ಇಷ್ಟ.

ಇಷ್ಟು ಚೆಂದದ ವ್ಯವಸ್ಥೆಯನ್ನು ಓದುವ ಕಡೆ ನಮ್ಮಲ್ಲಿ ಏನೇನಾಗುತ್ತಿತ್ತು ಎಂದು ಈಗ ಹೇಳಬೇಕು. ಗ್ರೆಪ್‌ನಿಂದ 226 ಹುಡುಕುವ ಸ್ಕ್ರಿಪ್ಟುಗಳು ಬಹುತೇಕ ರಾತ್ರಿಗಳಲ್ಲಿ ಸರಿಯಾಗೇ ನಡೆಯುತ್ತಿದ್ದವು. ಆದ್ದರಿಂದಲೇ ಅವು ಅಪಾಯಕಾರಿ. ಫೈಲು ಹೋದ ಮೇಲೆ ಎಫ್‌ಟಿಪಿ ಪ್ರೋಗ್ರಾಂ ತನ್ನದೇ ಒಂದು ಸಾಲು ಬರೆಯುತ್ತದೆ: ಇಷ್ಟು ಬೈಟುಗಳು ಇಷ್ಟು ಸೆಕೆಂಡಿನಲ್ಲಿ ಹೋದವು ಅಂತ. ಆ ಸಾಲು ಶುರುವಾಗುವುದೇ ಬೈಟುಗಳ ಸಂಖ್ಯೆಯಿಂದ. ಹರಿದುಹೋದ ಫೈಲೊಂದು ಸರಿಯಾಗಿ 226 ಬೈಟು ಇದ್ದರೆ? ಸರ್ವರ್ 426 ಎಂದು ಕೈಕೊಡವಿದ್ದರೂ ಸ್ಕ್ರಿಪ್ಟಿಗೆ 226 ಸಿಗುತ್ತದೆ. ಕಲ್ಪನೆಯ ಮಾತು ಎಂದು ತಳ್ಳಿಹಾಕುವಂತಿಲ್ಲ. ದಿನವೂ ಸಾವಿರಾರು ಸಣ್ಣ ಫೈಲುಗಳು ಓಡಾಡುವ ಕಡೆ ಎಲ್ಲ ಅಳತೆಗಳೂ ಒಂದಲ್ಲ ಒಂದು ದಿನ ಬಂದೇ ಬರುತ್ತವೆ. ಇನ್ನೊಂದು, ಪಟ್ಟಿ ಕೇಳಿದರೂ 226 ಬರುತ್ತದೆ. ಪುಟ್ ಮಾಡುವ ಮೊದಲು ಎಲ್‌ಎಸ್ ಮಾಡುವ ಸ್ಕ್ರಿಪ್ಟಿಗೆ ಪಟ್ಟಿಯ 226 ಸಾಕಾಗಿಬಿಡುತ್ತಿತ್ತು. ಆಮೇಲಿನ ಪುಟ್‌ಗೆ 550 ಬಂದದ್ದನ್ನು ಅದು ತಿರುಗಿಯೂ ನೋಡುತ್ತಿರಲಿಲ್ಲ.

ಇದರ ತಲೆಕೆಳಗಾದ ತೊಂದರೆ ಮೇನ್‌ಫ್ರೇಮಿನದು. ಐಬಿಎಂನ ಆ ಯಂತ್ರ ಫೈಲು ಪೂರ್ತಿ ಬಂದ ಮೇಲೆ 226 ಎನ್ನುವುದಿಲ್ಲ, 250 ಎನ್ನುತ್ತದೆ. ಶುರುವಿನಲ್ಲೂ 150ರ ಬದಲು 125. ನಿಯಮದ ಪ್ರಕಾರ ಎರಡೂ ಸರಿ. ಆರ್‌ಎಫ್‌ಸಿ 959 ಇವೆರಡನ್ನೂ ಪಕ್ಕಪಕ್ಕದಲ್ಲೇ ಬರೆದಿಟ್ಟಿದೆ. ಯುನಿಕ್ಸ್ ಸರ್ವರುಗಳನ್ನು ನೋಡಿ ಬರೆದ ಸ್ಕ್ರಿಪ್ಟನ್ನು ಮೇನ್‌ಫ್ರೇಮಿನ ಕಡೆ ತಿರುಗಿಸಿದಾಗ, ಚೆನ್ನಾಗಿ ತಲುಪಿದ ಫೈಲು ಸೋತಿದೆ ಎಂದು ಅದು ಮತ್ತೆ ಮತ್ತೆ ಕಳಿಸುತ್ತಿತ್ತು. ಆಗ ಯಾರೋ ಗ್ರೆಪ್ ಸಾಲಿಗೆ 250 ಸೇರಿಸಿದರು. ಆದರೆ 250 ಡೈರೆಕ್ಟರಿ ಬದಲಿಸಿದರೂ ಬರುತ್ತದೆ, ಹೆಸರು ಬದಲಿಸಿದರೂ ಬರುತ್ತದೆ. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಮಾತ್ರ ಹಿಡಿದರೆ ಆಗುವುದು ಇದೇ. 2ರಿಂದ ಶುರುವಾಗುವ ಉತ್ತರ, ಅದೂ ಪುಟ್ ಎಂಬ ಕಮಾಂಡಿಗೆ, ಅದೂ 1ರಿಂದ ಶುರುವಾಗುವ ಉತ್ತರ ಬಂದ ನಂತರ. ಹೀಗೆ ನೋಡಿದರೆ 226 ಆದರೇನು, 250 ಆದರೇನು?

ಬ್ಯಾನರುಗಳದ್ದು ಬೇರೆಯೇ ಕತೆ. ಸರ್ವರ್ ಹಲವು ಸಾಲಿನ ಉತ್ತರ ಕೊಡಬಹುದು: ಮೊದಲ ಸಾಲಿನಲ್ಲಿ ಸಂಖ್ಯೆಯ ಪಕ್ಕ ಒಂದು ಸಣ್ಣ ಅಡ್ಡಗೆರೆ, ಕೊನೆಯ ಸಾಲಿನಲ್ಲಿ ಅದೇ ಸಂಖ್ಯೆಯ ಪಕ್ಕ ಖಾಲಿ ಜಾಗ. ನಡುವೆ ಏನು ಬೇಕಾದರೂ ಬರೆದುಕೊಳ್ಳಬಹುದು. ಒಂದು ಸರಬರಾಜುದಾರರ ಸರ್ವರಿನ ಸ್ವಾಗತ ಸಂದೇಶದಲ್ಲಿ ಸಹಾಯಕ್ಕೆ ಕರೆಯಬೇಕಾದ ಫೋನ್ ಸಂಖ್ಯೆ ಸಾಲಿನ ಶುರುವಿಗೇ ಇತ್ತು. ಮೂರಂಕಿ ಕಂಡಲ್ಲೆಲ್ಲ ಉತ್ತರವೆಂದು ತಿಳಿಯುವ ಸ್ಕ್ರಿಪ್ಟಿಗೆ ಅದು ಏನಾಗಿ ಕಂಡಿರಬಹುದು, ಊಹಿಸಬಹುದು.

ನಾನು ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡದ್ದು 4 ಮತ್ತು 5ರ ನಡುವಿನ ಗೆರೆಯ ಮೇಲೆ. ಯಾಕೆಂದರೆ ಅದು ಜವಾಬ್ದಾರಿಯ ಗೆರೆ. ಆರ್‌ಎಫ್‌ಸಿ ಒಂದು ಒರೆಗಲ್ಲು ಕೊಟ್ಟಿದೆ: ಕಮಾಂಡಿನಲ್ಲಿ, ಕಳಿಸುವವನಲ್ಲಿ, ಸರ್ವರಿನಲ್ಲಿ ಏನನ್ನೂ ಬದಲಿಸದೆ ಅದನ್ನೇ ಮತ್ತೆ ಕೇಳಿದರೆ ಆಗಬಹುದೇ? ಆಗಬಹುದಾದರೆ 4. ಹಾಗೇ ಕೇಳಿ ಪ್ರಯೋಜನವಿಲ್ಲವಾದರೆ 5. ಅಂದರೆ 4 ಬಂದರೆ ಕೆಲಸ ಇನ್ನೂ ಸ್ಕ್ರಿಪ್ಟಿನದೇ. ಅದು ಕಾದು ಮತ್ತೆ ಪ್ರಯತ್ನಿಸಬೇಕು. 5 ಬಂದರೆ ಕೆಲಸ ಮನುಷ್ಯನದು. ಸ್ಕ್ರಿಪ್ಟು ಸುಮ್ಮನಾಗಿ ಯಾರನ್ನಾದರೂ ಎಬ್ಬಿಸಬೇಕು. 421, ಬಹಳ ಜನ ಒಳಗಿದ್ದಾರೆ, ಆಮೇಲೆ ಬಾ. 425, ಫೈಲಿನ ದಾರಿ ತೆರೆಯಲಾಗಲಿಲ್ಲ. ಇವಕ್ಕಾಗಿ ಮನುಷ್ಯನ ನಿದ್ದೆ ಕೆಡಿಸಬೇಕಾಗಿಲ್ಲ, ಮೊದಲ ಸುತ್ತಿನಲ್ಲಂತೂ ಅಲ್ಲ. ಆದರೆ 530, ಲಾಗಿನ್ ಆಗಲಿಲ್ಲ, ಬಂದಾಗ ಸ್ಕ್ರಿಪ್ಟು ನಿಮಿಷಕ್ಕೊಮ್ಮೆ ಅದೇ ಪಾಸ್‌ವರ್ಡ್ ಹಿಡಿದು ಬಾಗಿಲು ತಟ್ಟುತ್ತಾ ನಿಂತರೆ ಏನಾಗುತ್ತದೆ? ಆ ಕಡೆಯ ಯಂತ್ರ ಖಾತೆಗೆ ಬೀಗ ಹಾಕುತ್ತದೆ. ಪಾಸ್‌ವರ್ಡ್ ಬದಲಿಸುವ ಸಣ್ಣ ಕೆಲಸ ಹೋಗಿ, ಬೇರೊಂದು ದೇಶದಲ್ಲಿ ಮಲಗಿರುವ ಭದ್ರತಾ ವಿಭಾಗದವರನ್ನು ಎಬ್ಬಿಸುವ ಕೆಲಸವಾಗುತ್ತದೆ. ನಮಗೆ ಸಿಕ್ಕ ಸ್ಕ್ರಿಪ್ಟುಗಳಲ್ಲಿ ಎಲ್ಲ ಸೋಲಿಗೂ ಒಂದೇ ಮದ್ದು ಬರೆದಿತ್ತು: ಮತ್ತೆ ಓಡಿಸು. ಆ ಕಡೆಯವರು ಯೋಚಿಸಿ ಐದು ಬಗೆಯಲ್ಲಿ ಮಾತಾಡುತ್ತಿದ್ದರೆ ಈ ಕಡೆ ಎರಡೇ ಬಗೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆವು.

ನಿಯಮ ಎಷ್ಟೇ ಚೆನ್ನಾಗಿದ್ದರೂ ಎಲ್ಲ ಸರ್ವರುಗಳೂ ಅದನ್ನು ಪಾಲಿಸುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 550 ಎಂಬುದು ಎಲ್ಲದಕ್ಕೂ ಸಿಗುವ ಉತ್ತರವಾಗಿತ್ತು. ಫೈಲು ಇಲ್ಲ, 550. ಅನುಮತಿ ಇಲ್ಲ, 550. ಬೇರೆಯವರು ಅದೇ ಫೈಲನ್ನು ಬರೆಯುತ್ತಿದ್ದಾರೆ, ಅದಕ್ಕೆ 450 ಇದ್ದರೂ ಕೆಲವು ಕಡೆ 550. ಖಾಲಿ ಡೈರೆಕ್ಟರಿಯಲ್ಲಿ ಪಟ್ಟಿ ಕೇಳಿದರೆ ಕೆಲವು ಸರ್ವರುಗಳು ಖಾಲಿ ಪಟ್ಟಿ ಕೊಟ್ಟು 226 ಎನ್ನುತ್ತವೆ, ಕೆಲವು “ಫೈಲು ಸಿಗಲಿಲ್ಲ” ಎಂದು 550 ಕೊಡುತ್ತವೆ. ಈ ಕೊನೆಯದು ನಮ್ಮನ್ನು ಬಹಳ ಕಾಡಿತು. ಭಾನುವಾರ ಸರಬರಾಜುದಾರರು ಏನನ್ನೂ ಕಳಿಸದಿರುವುದು ಸಹಜ. ಅವತ್ತಿನ 550 ತಪ್ಪಲ್ಲ. ಅದೇ 550 ಮಂಗಳವಾರ ಬಂದರೆ ಗಂಭೀರ. ಸಂಖ್ಯೆಗೆ ವಾರದ ದಿನ ಗೊತ್ತಿಲ್ಲ. ಅದು ಗೊತ್ತಿರಬೇಕಾದದ್ದು ಸ್ಕ್ರಿಪ್ಟಿಗೆ. ಕೊನೆಗೆ ನಾವು ಪ್ರತಿ ಸರ್ವರಿಗೂ ಒಂದು ಸಣ್ಣ ಕೋಷ್ಟಕ ಇಟ್ಟುಕೊಂಡೆವು: ಈ ಯಂತ್ರ ಈ ಕಮಾಂಡಿಗೆ ಈ ಸಂಖ್ಯೆ ಕೊಟ್ಟರೆ ಅದರ ಅರ್ಥ ಇದು, ಮಾಡಬೇಕಾದ್ದು ಇದು. ಪಕ್ಕದ ವಾಕ್ಯವನ್ನು ನಂಬಿ ತೀರ್ಮಾನ ಮಾಡಬಾರದೆಂದು ಹಿರಿಯರು ಪಟ್ಟು ಹಿಡಿದರು. ಸರ್ವರಿನ ಆವೃತ್ತಿ ಬದಲಾದ ದಿನ ವಾಕ್ಯ ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ಆದರೆ ಆ ವಾಕ್ಯವನ್ನು ಲಾಗಿನಲ್ಲಿ ಅಕ್ಷರವೂ ಬಿಡದಂತೆ ಉಳಿಸಿಕೊಳ್ಳಬೇಕೆಂದೂ ಅವರೇ ಹೇಳಿದರು. ರಾತ್ರಿ ಮೂರು ಗಂಟೆಗೆ ಎದ್ದು ಬಂದವರು ಓದುವುದು ಅದನ್ನೇ ಅಲ್ಲವೇ.

ಶೆಲ್ಲಿನ ಗ್ರೆಪ್ ಬಿಟ್ಟು ನಾವು ಪರ್ಲ್‌ಗೆ ಹೋದದ್ದು ಈ ಹಿನ್ನೆಲೆಯಲ್ಲಿ. ಗ್ರಹಾಂ ಬಾರ್ ಅವರ ನೆಟ್ ಎಫ್‌ಟಿಪಿ ಎಂಬ ಮಾಡ್ಯೂಲಿನಲ್ಲಿ ಪ್ರತಿ ಕಮಾಂಡಿನ ನಂತರ ಅದರದೇ ಉತ್ತರವನ್ನು ಕೇಳಿ ಪಡೆಯಬಹುದಿತ್ತು. ಮೊದಲ ಅಂಕಿಯನ್ನು ಮಾತ್ರ ಬೇರೆ ಮಾಡಿ ಕೊಡುವ ಸೌಲಭ್ಯವೂ ಅದರಲ್ಲೇ ಇತ್ತು. ಪ್ರಶ್ನೆಯೂ ಉತ್ತರವೂ ಮತ್ತೆ ಜೋಡಿಯಾದವು. ಆಮೇಲೆ ಪೈಥಾನ್ ಕಲಿತಾಗ ಅದರ ಎಫ್‌ಟಿಪಿ ಲೈಬ್ರರಿ 4ಕ್ಕೆ ಒಂದು ಬಗೆಯ ದೋಷ, 5ಕ್ಕೆ ಇನ್ನೊಂದು ಬಗೆಯ ದೋಷ ಎಂದು ಎರಡನ್ನೂ ಬೇರೆಬೇರೆಯಾಗಿ ಎತ್ತುವುದನ್ನು ನೋಡಿ ಬಹಳ ಸಂತೋಷವಾಯಿತು. 1974ರ ಆ ಗೆರೆಯನ್ನು ಯಾರೋ ಜೋಪಾನವಾಗಿ ದಾಟಿಸಿದ್ದರು. ಇನ್ನೂ ಮೆಚ್ಚಿದ್ದು ಮೇನ್‌ಫ್ರೇಮಿನ ಕ್ರಮವನ್ನು. ಅಲ್ಲಿಂದ ಹೊರಡುವ ಎಫ್‌ಟಿಪಿ ಜಾಬ್ ಬಿದ್ದರೆ 27550 ಎಂಬಂಥ ಸಂಖ್ಯೆ ತೋರಿಸುತ್ತದೆ. ಮೊದಲ 27 ಎಂದರೆ ಪುಟ್ ಕಮಾಂಡು, ಉಳಿದ 550 ಸರ್ವರಿನ ಉತ್ತರ. ಏನು ಕೇಳಿದಾಗ ಏನು ಬಂತು ಎಂಬುದು ಒಂದೇ ಸಂಖ್ಯೆಯಲ್ಲಿ. ನಮ್ಮ ಹಿರಿಯರು ಆ ಯಂತ್ರದ ಎದುರೇ ಬೆಳೆದವರು. ಅವರ “ಆ ಕಡೆಯಿಂದ ಏನಂತ ಬಂತು” ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು.

226 ಬಂದರೆ ಎಲ್ಲ ಮುಗಿಯಿತು ಎಂಬ ನಂಬಿಕೆಯನ್ನೂ ಬಿಡಬೇಕಾಯಿತು. ಎಫ್‌ಟಿಪಿ ಸಾಮಾನ್ಯವಾಗಿ ಫೈಲು ಕಳಿಸುವ ಕ್ರಮದಲ್ಲಿ ಫೈಲು ಮುಗಿದಿದೆ ಎಂಬುದಕ್ಕೆ ಬೇರೆ ಗುರುತಿಲ್ಲ. ಸಂಪರ್ಕ ಮುಚ್ಚಿದರೆ ಮುಗಿದಿದೆ ಎಂದರ್ಥ. ಕಳಿಸುವ ಪ್ರೋಗ್ರಾಂ ನಡುವೆಯೇ ಸತ್ತುಹೋದಾಗಲೂ ಸಂಪರ್ಕ ಮುಚ್ಚುತ್ತದೆ. ಪಡೆಯುವವನಿಗೆ ಎರಡೂ ಒಂದೇ ಥರ ಕಾಣಬಹುದು. ಅರ್ಧ ಫೈಲನ್ನು ಪೂರ್ತಿ ಎಂದು ತಿಳಿದು ಅವನು ಪ್ರಾಮಾಣಿಕವಾಗಿಯೇ 226 ಹೇಳುತ್ತಾನೆ. ಈ ಕ್ರಮದ ಮೇಲೆ ಪೂರ್ತಿ ಭರವಸೆ ಇಡಲಾಗದೆಂದು ಆರ್‌ಎಫ್‌ಸಿ 959 ತಾನೇ ಒಪ್ಪಿಕೊಂಡಿದೆ. ಹಾಗಾಗಿ ಜಗತ್ತಿನೆಲ್ಲೆಡೆ ಈ ಕೆಲಸ ಮಾಡುವವರು ಕಂಡುಕೊಂಡ ದಾರಿಗಳನ್ನೇ ನಾವೂ ಹಿಡಿದೆವು. ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಕಳಿಸುವುದು. ಸೈಜ್ ಎಂದು ಕೇಳಿ, 213ರ ಜೊತೆ ಬರುವ ಬೈಟುಗಳ ಸಂಖ್ಯೆಯನ್ನು ನಮ್ಮದರ ಜೊತೆ ಹೋಲಿಸುವುದು. ಸರಿಯಿದ್ದರೆ ಮಾತ್ರ ನಿಜ ಹೆಸರಿಗೆ ಬದಲಿಸುವುದು. ಹೆಸರು ಬದಲಿಸುವಾಗ ಮೊದಲು 350, ಸರಿ, ಹೊಸ ಹೆಸರು ಹೇಳು. ಆಮೇಲೆ 250. ಆ ಕಡೆಯ ಪ್ರೋಗ್ರಾಂ ನಿಜ ಹೆಸರಿನ ಫೈಲನ್ನಷ್ಟೇ ಎತ್ತಿಕೊಳ್ಳುತ್ತದೆ. ಫೈಲಿನ ಕೊನೆಯ ಸಾಲಿನಲ್ಲಿ ಒಟ್ಟು ದಾಖಲೆಗಳೆಷ್ಟು, ಒಟ್ಟು ಮೊತ್ತವೆಷ್ಟು ಎಂದು ಬರೆಯುವ ಪದ್ಧತಿ ಮೇನ್‌ಫ್ರೇಮಿನವರಲ್ಲಿ ಮೊದಲೇ ಇತ್ತು. “ಕೌಂಟ್ ಮ್ಯಾಚ್ ಆಯ್ತಾ” ಎಂದು ಅವರು ಕೇಳುತ್ತಿದ್ದುದು ಅದನ್ನೇ.

ಇವೆಲ್ಲಕ್ಕಿಂತ ಕಷ್ಟದ ಸಂಗತಿ ಉತ್ತರವೇ ಬಾರದಿರುವುದು. ಎಫ್‌ಟಿಪಿಯಲ್ಲಿ ಎರಡು ಸಂಪರ್ಕಗಳಿರುತ್ತವೆ: ಮಾತಿಗೆ ಒಂದು, ಫೈಲಿಗೆ ಇನ್ನೊಂದು. ಫೈಲು ಹೋಗುತ್ತಿರುವಷ್ಟು ಹೊತ್ತೂ ಮಾತಿನ ಸಂಪರ್ಕ ಸುಮ್ಮನಿರುತ್ತದೆ. ಕ್ರಿಸ್‌ಮಸ್ ಹಿಂದಿನ ವಾರಗಳಲ್ಲಿ ಮಾರಾಟದ ಫೈಲು ಉಬ್ಬಿತು. ನಿಧಾನದ ಲೈನಿನ ಮೇಲೆ ಅದು ಹೋಗಿ ಮುಟ್ಟಲು ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ನಡುವೆ ಇದ್ದ ಫೈರ್‌ವಾಲು ಒಂದು ಗಂಟೆ ಸುಮ್ಮನಿದ್ದ ಸಂಪರ್ಕವನ್ನು ಸತ್ತದ್ದೆಂದು ತಿಳಿದು ಮರೆತುಬಿಡುತ್ತಿತ್ತು. ಫೈಲು ಕೊನೆಯ ಬೈಟಿನವರೆಗೂ ಮುಟ್ಟಿತು. ಸರ್ವರ್ ಯಶಸ್ಸಿನ ಉತ್ತರ ಕೊಟ್ಟಿತು. ಆ ಉತ್ತರ ಫೈರ್‌ವಾಲಿನಲ್ಲಿ ಕಳೆದುಹೋಯಿತು. ಈ ಕಡೆ ಸ್ಕ್ರಿಪ್ಟು ಕಾದು ಕಾದು ಸೋಲೆಂದು ಬರೆದು ಎಲ್ಲವನ್ನೂ ಮೊದಲಿನಿಂದ ಕಳಿಸಿತು. ರಿಜಿಸ್ಟರ್ಡ್ ಪತ್ರ ಮುಟ್ಟಿ, ಸಹಿ ಹಾಕಿದ ಸ್ವೀಕೃತಿ ಕಾರ್ಡು ಮಾತ್ರ ದಾರಿಯಲ್ಲಿ ಕಳೆದುಹೋದರೆ ಹೇಗೋ ಹಾಗೆ: ಕಳಿಸಿದವನಿಗೆ ಪತ್ರವೇ ಕಳೆದುಹೋದಂತೆ. ಅಂದು ಆ ಕಡೆ ಮಾರಾಟ ಎರಡು ಬಾರಿ ದಾಖಲಾಗಿ, ಕೆಲವು ಅಂಗಡಿಗಳಿಗೆ ಎರಡರಷ್ಟು ಸಾಮಾನಿನ ಲೆಕ್ಕ ಹೊರಬಿತ್ತು. ಲಾರಿ ಹೊರಡುವ ಮೊದಲೇ ಗೋದಾಮಿನವರೊಬ್ಬರಿಗೆ ಸಂಶಯ ಬಂದು ಫೋನು ಮಾಡಿದ್ದರಿಂದ ತಡೆಯಲು ಸಾಧ್ಯವಾಯಿತು. ಅವರು ಸಂಖ್ಯೆಗಳನ್ನು ಓದಿ ಕಂಡುಹಿಡಿದದ್ದಲ್ಲ. ಒಂದು ಸಣ್ಣ ಊರಿನ ಅಂಗಡಿಗೆ ಅಷ್ಟು ಸಾಮಾನು ಬೇಕಾಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಆ ಘಟನೆ ನಮ್ಮ ತಂಡದಲ್ಲಿ ಬಹಳ ಚರ್ಚೆಯಾಯಿತು. ಫೈರ್‌ವಾಲಿನ ಸಮಯ ಹೆಚ್ಚಿಸಿದರೆ ಸಾಕೆಂದು ಕೆಲವರು. ನನ್ನ ಅಭಿಪ್ರಾಯ ಬೇರೆ ಇತ್ತು, ಈಗಲೂ ಅದೇ ಇದೆ. ಮೌನ ಎಂಬುದು 4ಕ್ಕೂ ಸೇರಿದ್ದಲ್ಲ, 5ಕ್ಕೂ ಸೇರಿದ್ದಲ್ಲ. ಅದನ್ನು ಸೋಲೆಂದು ಓದುವ ಹಕ್ಕು ಸ್ಕ್ರಿಪ್ಟಿಗಿಲ್ಲ. ಅದು ಮತ್ತೆ ಲಾಗಿನ್ ಆಗಿ ಮೊದಲು ವಿಚಾರಿಸಬೇಕು: ತಾತ್ಕಾಲಿಕ ಹೆಸರಿನ ಫೈಲು ಅಲ್ಲಿದೆಯೇ, ಅದರ ಅಳತೆ ಎಷ್ಟು? ಪೂರ್ತಿ ಇದ್ದರೆ ಮತ್ತೆ ಕಳಿಸಬೇಕಾಗಿಲ್ಲ, ಹೆಸರು ಬದಲಿಸಿದರೆ ಸಾಕು. ನಿಜ ಹೆಸರಿಗೇ ಬದಲಾಗಿಹೋಗಿದ್ದರೆ ಮುಟ್ಟಲೇಬಾರದು. ಜೊತೆಗೆ ಪ್ರತಿ ಫೈಲಿಗೂ ತಾರೀಖು ಮತ್ತು ಕ್ರಮಸಂಖ್ಯೆ ಇರಬೇಕು, ಒಮ್ಮೆ ತೆಗೆದುಕೊಂಡದ್ದನ್ನು ಆ ಕಡೆಯವರು ಇನ್ನೊಮ್ಮೆ ತೆಗೆದುಕೊಳ್ಳಬಾರದು. ಇದಕ್ಕೆ ಎರಡೂ ಕಡೆಯವರು ಕೂತು ಮಾತಾಡಬೇಕಾಯಿತು. ಮೇನ್‌ಫ್ರೇಮಿನವರು ಮೊದಲು ಒಪ್ಪಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು, ಕೊನೆಗೆ ಆಯಿತು.

ಎಫ್‌ಟಿಪಿಯ ಕಾಲ ಮುಗಿಯುತ್ತಾ ಬಂತು. ಪಾಸ್‌ವರ್ಡನ್ನು ಬಯಲಾಗಿ ಕಳಿಸುವ ಅದರ ರೀತಿ ಇಂದಿನ ಲೋಕಕ್ಕೆ ತಕ್ಕದ್ದಲ್ಲ. ನಮ್ಮ ಕೊಂಡಿಗಳು ಒಂದೊಂದಾಗಿ ಎಸ್‌ಎಫ್‌ಟಿಪಿಗೆ ಬದಲಾದವು. 2021ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ಬ್ರೌಸರುಗಳು ಎಫ್‌ಟಿಪಿಯನ್ನು ಕೈಬಿಟ್ಟವು. ಆದರೆ ಆ ಮೂರಂಕಿಯ ವಂಶ ಬೆಳೆದಿದೆ. 1982ರಲ್ಲಿ ಪೋಸ್ಟೆಲ್ ಇಮೇಲಿನ ನಿಯಮ ಬರೆದಾಗ ಅದೇ ಉತ್ತರಗಳ ತರ್ಕವನ್ನು ತಂದರು. ನಾವು ಕಳಿಸಿ ತಲುಪದೆ ಹೋದ ಇಮೇಲುಗಳು 550 ಎಂಬ ಕಾರಣ ಹೊತ್ತು ಹಿಂದಿರುಗುವುದು ಅದರಿಂದಲೇ. ಆಮೇಲೆ ಬಂದ ಎಚ್‌ಟಿಟಿಪಿಯೂ ಮೂರಂಕಿಯನ್ನೇ ಇಟ್ಟುಕೊಂಡಿತು, 404 ಎಂದರೆ ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಅಲ್ಲಿ 4 ಮತ್ತು 5ರ ಅರ್ಥ ಮಾತ್ರ ಬದಲಾಗಿದೆ. ಎಚ್‌ಟಿಟಿಪಿಯಲ್ಲಿ 4 ಎಂದರೆ ಕೇಳಿದವನ ತಪ್ಪು, 5 ಎಂದರೆ ಸರ್ವರಿನ ತಪ್ಪು. ಹಾಗಾಗಿ ಕಾದು ಮತ್ತೆ ಪ್ರಯತ್ನಿಸಬಹುದಾದದ್ದು ಅಲ್ಲಿ ಹೆಚ್ಚಾಗಿ 5ರ ಮನೆಯಲ್ಲಿದೆ, 503ರಂತೆ. 4ರ ಮನೆಯಲ್ಲೂ 2012ರಲ್ಲಿ ಸೇರಿಸಿದ 429 ಇದೆ: ಬಹಳ ಬೇಗಬೇಗ ಕೇಳುತ್ತಿದ್ದೀ, ನಿಧಾನಿಸು. ಯಾರ ತಪ್ಪು ಎಂದು ಹೇಳುವುದಕ್ಕಿಂತ ಮುಂದೇನು ಮಾಡಬೇಕೆಂದು ಹೇಳುವುದು ನನಗೆ ಹೆಚ್ಚು ಉಪಕಾರವೆನಿಸುತ್ತದೆ. ಈ ವಿಷಯದಲ್ಲಿ ಹಳೆಯದೇ ಮೇಲು ಎಂಬುದು ನನ್ನ ಪಕ್ಷ.

ಈಚೆಗೆ ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಕಿರಿಯ ಇಂಜಿನಿಯರ್ ಒಬ್ಬಳು ಫೋನು ಮಾಡಿದ್ದಳು. ರೈತ ಉತ್ಪಾದಕರ ಸಂಘಗಳಿಗೆ ಹಣ ಪಾವತಿಸುವ ಸಾಫ್ಟ್‌ವೇರು ಅವರದು. 503 ಬಂದಾಗ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಪ್ರಯತ್ನಿಸಬೇಕು ಎಂದು ವಿಚಾರಿಸಿದಳು. ಸರ್ವರ್ ತಾನೇ ಕಾಯುವ ಸಮಯ ಹೇಳಿದ್ದರೆ ಅದನ್ನು ಪಾಲಿಸು, ಹೇಳದಿದ್ದರೆ ಪ್ರತಿ ಸಲವೂ ಕಾಯುವುದನ್ನು ಹೆಚ್ಚಿಸುತ್ತಾ ಹೋಗು ಎಂದೆ. ಆಮೇಲೆ ಅವಳೇ ಕೇಳಿದಳು, “ಉತ್ತರವೇ ಬರದಿದ್ದರೆ ಸರ್?” ಆ ಪ್ರಶ್ನೆಗೆ ನಾವಿಬ್ಬರೂ ಒಂದು ಗಂಟೆ ಕೊಟ್ಟೆವು. ಪಾವತಿ ಹೊರಡುವ ಮೊದಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಡುವುದು, ಮೌನ ಬಂದಾಗ ಆ ಸಂಖ್ಯೆ ಹಿಡಿದು ಬ್ಯಾಂಕನ್ನು ವಿಚಾರಿಸುವುದು, ಗೊತ್ತಾಗುವವರೆಗೆ ಸಂಘದ ಖಾತೆಯಲ್ಲಿ “ಪರಿಶೀಲನೆಯಲ್ಲಿದೆ” ಎಂದು ತೋರಿಸುವುದು ಎಂದು ತೀರ್ಮಾನವಾಯಿತು. ಮರುದಿನ ಅವಳು ತನ್ನ ಕೋಷ್ಟಕವನ್ನು ಕಳಿಸಿದಳು. ಎಡಗಡೆ ಪ್ರತಿ ಕೋರಿಕೆ, ಅದರ ಎದುರು ಬರಬಹುದಾದ ಪ್ರತಿ ಸಂಖ್ಯೆ, ಅದರ ಎದುರು ಮಾಡಬೇಕಾದ ಕೆಲಸ. ಕೊನೆಯ ಸಾಲಿನಲ್ಲಿ, ಸಂಖ್ಯೆ ಇರಬೇಕಾದ ಕಡೆ, “ಏನೂ ಬರಲಿಲ್ಲ” ಎಂದು ಬರೆದಿದ್ದಳು. ಅದರ ಎದುರಿನ ಮನೆಯಲ್ಲಿ ಉಳಿದೆಲ್ಲ ಸಾಲುಗಳಿಗಿಂತ ಹೆಚ್ಚು ಬರಹವಿತ್ತು.